ಬುಲ್‌ಡಾಗ್ ಡಾಕ್ಟರ್ ಮತ್ತು 270 ರೂಪಾಯಿ

ನಮ್ಮ ಶಾಲೆಯ ಹಗ್ಗಜಗ್ಗಾಟದಲ್ಲಿ ನನಗೆ ಯಾವಾಗಲೂ ಕೊನೆಯ ಜಾಗ. ಹಗ್ಗ ಸುತ್ತಿಕೊಂಡು ಹಿಮ್ಮಡಿ ಊರಿ ನಿಲ್ಲುವುದಷ್ಟೇ ಕೆಲಸ. ಗೆದ್ದಾಗ ಫೋಟೋದಲ್ಲಿ ಮುಂದಿನವರ ಮುಖವೇ ಕಾಣುತ್ತಿತ್ತು. "ಹಿಂದಿನವನು ಜಾರಿದ್ರೆ ಮುಗೀತು ಕಣೋ" ಅಂತ ಪಿಟಿ ಮೇಷ್ಟ್ರು ಸಮಾಧಾನ ಹೇಳುತ್ತಿದ್ದರು.

ಮುಂದೆ ಓದಲು ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋದೆ. ರೂಮು ಸಿಕ್ಕಿದ್ದು ರೇಬರ್ನ್ ಪ್ಲೇಸ್ ಹತ್ತಿರ. ಚೆಂಡನ್ನು ಕೈಯಲ್ಲಿ ಹಿಡಿದು ಓಡಿ ಎದುರಾಳಿಯ ಗೆರೆಯಾಚೆ ನೆಲಕ್ಕೊತ್ತುವ ಆಟ ರಗ್ಬಿ. ಅದರ ಮೊದಲ ಅಂತರರಾಷ್ಟ್ರೀಯ ಪಂದ್ಯ ನಡೆದದ್ದು ಅಲ್ಲಿನ ಮೈದಾನದಲ್ಲೇ, 1871ರ ಮಾರ್ಚ್ 27ರಂದು. ಸ್ಕಾಟ್ಲೆಂಡಿಗೂ ಇಂಗ್ಲೆಂಡಿಗೂ ಆಟ, ಒಂದೊಂದು ಕಡೆ 20 ಜನ. ಸ್ಕಾಟ್ಲೆಂಡ್ ತಂಡದಲ್ಲಿ 17 ವರ್ಷದ ಒಬ್ಬ ಹುಡುಗನಿದ್ದ, ಆರ್. ಡಬ್ಲ್ಯೂ. ಇರ್ವಿನ್. ಅಡ್ಡಹೆಸರು ಬುಲ್‌ಡಾಗ್. ಫಾರ್ವರ್ಡ್ ಆಟಗಾರ.

ಫಾರ್ವರ್ಡ್ ಅಂದರೆ ಗೋಲು ಹೊಡೆಯುವವನು ಅಂದುಕೊಂಡಿದ್ದೆ, ನಮ್ಮ ಫುಟ್‌ಬಾಲ್ ಲೆಕ್ಕದಲ್ಲಿ. ಅಲ್ಲ, ಅವನು ತಳ್ಳುವವನು. ಆಗಿನ ಸ್ಕ್ರಮ್‌ನಲ್ಲಿ (ಎರಡೂ ಕಡೆಯವರು ಒತ್ತೊತ್ತಾಗಿ ಸೇರಿ ತಳ್ಳಾಡುವ ಗುಂಪು) ನೆಟ್ಟಗೆ ನಿಂತು, ಚೆಂಡನ್ನು ಕಾಲ ಬುಡದಲ್ಲಿಟ್ಟುಕೊಂಡು, ಎದುರಿನ ಗುಂಪನ್ನೇ ನೂಕಬೇಕಿತ್ತು. ತೇರಿನ ದಿನದ ನೂಕಾಟ ನೆನೆಸಿಕೊಳ್ಳಿ. ಆ ದಿನ ಸ್ಕಾಟ್ಲೆಂಡಿನ ಫಾರ್ವರ್ಡ್‌ಗಳು ಹಾಗೆ ನೂಕಿ ನೂಕಿ ಇಡೀ ಸ್ಕ್ರಮ್ಮನ್ನೇ ಇಂಗ್ಲೆಂಡಿನ ಗೆರೆ ದಾಟಿಸಿದರು. ಆದರೆ ಚರಿತ್ರೆಯಲ್ಲಿ ಉಳಿದದ್ದು ಚೆಂಡನ್ನು ನೆಲಕ್ಕೊತ್ತಿದ ಆಂಗಸ್ ಬ್ಯೂಕ್ಯಾನನ್ ಹೆಸರು. ಇಂಗ್ಲೆಂಡಿನವರು ತಕರಾರು ಎತ್ತಿದರು. ಅಂಪೈರ್ ಆಗಿದ್ದ ಆಲ್ಮಂಡ್ ಲೊರೆಟ್ಟೊ ಶಾಲೆಯ ಹೆಡ್‌ಮಾಸ್ಟರ್. ಅನುಮಾನ ಬಂದಾಗ ಜಾಸ್ತಿ ಗಲಾಟೆ ಮಾಡುವ ಕಡೆಯವರ ವಿರುದ್ಧ ತೀರ್ಪು ಕೊಡಬಹುದು ಅಂತ ಅವರು ಆಮೇಲೆ ಬರೆದರು. ಹೆಡ್‌ಮಾಸ್ಟರ್ ಬುದ್ಧಿ ಎಲ್ಲಿ ಹೋಗುತ್ತೆ, ಅಲ್ವಾ?

ಅಲ್ಲಿಂದ 1880ರವರೆಗೆ ಸ್ಕಾಟ್ಲೆಂಡ್ ಆಡಿದ್ದು 13 ಪಂದ್ಯ. ಇರ್ವಿನ್ ಒಂದನ್ನೂ ತಪ್ಪಿಸಲಿಲ್ಲ. ಕೊನೆಯ ಎಂಟಕ್ಕೆ ಅವನೇ ನಾಯಕ. ಆಮೇಲೆ ಪಿಟ್‌ಲಾಕ್ರಿ ಎಂಬ ಊರಿನಲ್ಲಿ ಡಾಕ್ಟರಾದ.

ಅವನು ಇನ್ನೂ ಆಡುತ್ತಿದ್ದಾಗಲೇ ಕಲ್ಕತ್ತಾದ ರಗ್ಬಿ ಕ್ಲಬ್ ಮುಚ್ಚಿತು. ಬ್ಯಾಂಕಿನಲ್ಲಿ ಉಳಿದಿದ್ದ 270 ಬೆಳ್ಳಿ ರೂಪಾಯಿ ಕರಗಿಸಿ ಒಂದು ಕಪ್ ಮಾಡಿಸಿ ಲಂಡನ್ನಿನ ರಗ್ಬಿ ಸಂಘಕ್ಕೆ ಕೊಟ್ಟರು. ಮುಚ್ಚಳದ ಮೇಲೆ ಆನೆ, ಹಿಡಿಗಳು ನಾಗರಹಾವು. ನಮ್ಮ ದುಡ್ಡು, ನಮ್ಮ ಹಾವು, ಆಟ ಅವರದ್ದು! ಆ ಕಪ್‌ಗಾಗಿ ಸ್ಕಾಟ್ಲೆಂಡಿಗೂ ಇಂಗ್ಲೆಂಡಿಗೂ ಮೊದಲ ಪಂದ್ಯ ನಡೆದದ್ದು 1879ರ ಮಾರ್ಚ್ 10ರಂದು, ಇದೇ ರೇಬರ್ನ್ ಪ್ಲೇಸ್‌ನಲ್ಲಿ. ಪಂದ್ಯ ಡ್ರಾ ಆಯಿತು. ಮರುವರ್ಷ ಮ್ಯಾಂಚೆಸ್ಟರ್‌ನಲ್ಲಿ ಇಂಗ್ಲೆಂಡ್ ಗೆದ್ದಿತು. ಇರ್ವಿನ್‌ಗೆ ಅದೇ ಕೊನೆಯ ಪಂದ್ಯ. ಆ ಹಾವಿನ ಹಿಡಿಗಳನ್ನು ಗೆದ್ದು ಹಿಡಿಯುವ ಯೋಗ ಅವನಿಗೆ ಬರಲೇ ಇಲ್ಲ.