ತಾರೀಖು ಮೇಷ್ಟ್ರು ಮತ್ತು ಇಲ್ಲದ 11 ದಿನ

ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಈಗಿನ ಹೆಡ್‌ಮಾಸ್ಟರು ಫೋನ್ ಮಾಡಿದ್ದರು. ಯಾವ ತಾರೀಖಿನೊಳಗೆ ಸಾರ್ ಎಂದೆ. ಅವರು ಹೇಳಿದ್ದೇ ತಡ, ನನ್ನ ತಲೆ ಆ ತಾರೀಖಿನ ಹಿಂದೆ ಓಡಿತು. ಅವತ್ತು ಯಾವ ವರ್ಷ, ಯಾವ ಊರಲ್ಲಿ, ಏನು ವಿಚಿತ್ರ ನಡೆದಿತ್ತು?

ಇದೊಂದು ರೋಗ. ನನಗೆ ಅಂಟಿಸಿದ್ದು ನಮ್ಮ ಚರಿತ್ರೆ ಮೇಷ್ಟ್ರು. ಕಳೆದ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರ ಹೆಸರು ಹೇಳಿದರೆ ನಮ್ಮ ಬ್ಯಾಚಿನಲ್ಲೇ ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ. ತಾರೀಖು ಮೇಷ್ಟ್ರು ಅಂದರೆ ಸಾಕು, ಎಲ್ಲರೂ ಎದ್ದು ಕೂರುತ್ತಾರೆ.

ಕಪ್ಪು ಹಲಗೆಯ ಬಲಗಡೆ ಮೇಲಿನ ಮೂಲೆ ಅವರದು. ಸುಣ್ಣದ ಕಡ್ಡಿಯಲ್ಲಿ ಒಂದು ಚೌಕ, ಅದರ ಕೆಳಗೆ ‘ಅಳಿಸಬೇಡಿ’. ಲೆಕ್ಕದ ಮೇಷ್ಟ್ರಿಗೆ ಪ್ರಮೇಯ ಬರೆಯಲು ಜಾಗ ಸಾಲದೆ ಎಷ್ಟೋ ಸಲ ಗೊಣಗಿದ್ದುಂಟು. ಆದರೂ ಅಳಿಸುತ್ತಿರಲಿಲ್ಲ. ಬೆಳಗ್ಗೆ ಪ್ರಾರ್ಥನೆಗೆ ಮುಂಚೆಯೇ ಬಂದು, ಆ ದಿನದ ತಾರೀಖು ಹಾಕಿ, ಹಿಂದೆ ಯಾವತ್ತೋ ಅದೇ ತಾರೀಖಿಗೆ ನಡೆದ ಒಂದು ವಿಚಿತ್ರ ಸಂಗತಿ ಬರೆದು ಹೋಗುತ್ತಿದ್ದರು. ಒಂದೇ ಸಾಲು. ಮಿಕ್ಕಿದ್ದು ಕ್ಲಾಸಿನಲ್ಲಿ.

ಸಂಕ್ರಾಂತಿ ಮುಗಿಸಿ ಶಾಲೆಗೆ ಬಂದ ಒಂದು ಬೆಳಗ್ಗೆ ಹಲಗೆಯ ಮೇಲಿತ್ತು: ‘15 ಜನವರಿ 1919. ಕಾಕಂಬಿಯ ಪ್ರವಾಹದಲ್ಲಿ 21 ಜನರ ಸಾವು.’ ನಮ್ಮದು ಮಂಡ್ಯದ ಕಡೆ. ಕಾಕಂಬಿ ಎಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಮಂದ ಪಾಕ ಅಂತ ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ಸಕ್ಕರೆ ಕಾರ್ಖಾನೆಯ ಗಾಳಿ ಬೀಸಿದರೆ ಮೂಗೇ ಹೇಳುತ್ತಿತ್ತು. ಆದರೆ ಅದರಲ್ಲಿ ಜನ ಮುಳುಗುವುದು ಹೇಗೆ? ಮೇಷ್ಟ್ರು ಹೇಳಿದರು. ಅಮೆರಿಕದ ಬೋಸ್ಟನ್. 50 ಅಡಿ ಎತ್ತರದ ಟ್ಯಾಂಕು. ಒಳಗೆ ಸುಮಾರು 87 ಲಕ್ಷ ಲೀಟರ್ ಕಾಕಂಬಿ. ಟ್ಯಾಂಕು ಮೊದಲಿನಿಂದಲೂ ಸೋರುತ್ತಿತ್ತು. ಸೋರಿದ್ದು ಕಾಣದಿರಲಿ ಅಂತ ಕಂದು ಬಣ್ಣ ಬಳಿದಿದ್ದರಂತೆ. ಅವತ್ತು ಮಧ್ಯಾಹ್ನ ಟ್ಯಾಂಕು ಒಡೆದು, 25 ಅಡಿ ಎತ್ತರದ ಅಲೆ ಬೀದಿಗೆ ನುಗ್ಗಿತು. ಓಡುವ ಮನುಷ್ಯನಿಗಿಂತ ಎಷ್ಟೋ ಜೋರಾಗಿ. “ಬಣ್ಣ ಬಳಿದರು ಅನ್ನೋದನ್ನ ಬರ್ಕೊಳ್ರೋ, ಅಲೆ ಎಷ್ಟಡಿ ಅನ್ನೋದು ಆಮೇಲೆ” ಎಂದರು. ಆ ವರ್ಷದ ಎಳ್ಳುಬೆಲ್ಲ ನನಗೆ ಸ್ವಲ್ಪ ಗಂಟಲಲ್ಲಿ ಸಿಕ್ಕಿಕೊಂಡಿತು.

ಇನ್ನೊಂದು ದಿನ, 27 ಆಗಸ್ಟ್. 1896ರಲ್ಲಿ ಇದೇ ದಿನ ಬ್ರಿಟಿಷರಿಗೂ ಜಾಂಜಿಬಾರ್ ಸುಲ್ತಾನನಿಗೂ ಯುದ್ಧ. ಬೆಳಗ್ಗೆ 9 ಗಂಟೆಗೆ ಹಡಗಿನಿಂದ ಅರಮನೆಯ ಮೇಲೆ ಗುಂಡು ಹಾರಿಸಲು ಶುರು ಮಾಡಿದರು. ಸುಮಾರು 38 ನಿಮಿಷದಲ್ಲಿ ಎಲ್ಲ ಮುಗಿಯಿತು. ಸುಲ್ತಾನ ಓಡಿಹೋಗಿ ಜರ್ಮನಿಯವರ ಕಚೇರಿಯಲ್ಲಿ ಅಡಗಿದ. “ನಮ್ಮ ಪೀರಿಯಡ್ಡು 40 ನಿಮಿಷ. ಒಂದು ಯುದ್ಧ ಮುಗಿಸಿ ಹಾಜರಿ ಕೂಗೋಕೆ ಇನ್ನೂ 2 ನಿಮಿಷ ಉಳಿಯುತ್ತೆ” ಎಂದು ಹಾಜರಿ ಪುಸ್ತಕ ತೆಗೆದರು.

ಪಠ್ಯದಲ್ಲಿ ಇದ್ದದ್ದು ಏನೆಂದು ಕೇಳಬೇಡಿ. ಪಾಣಿಪತ್‌ನಲ್ಲಿ ಎಷ್ಟನೇ ಯುದ್ಧ ಯಾರ ನಡುವೆ ನಡೆಯಿತು ಅಂದರೆ ಇವತ್ತಿಗೂ ತಡವರಿಸುತ್ತೇನೆ.

ಈಗ ನನ್ನ ಕಿತಾಪತಿಗೆ ಬರುತ್ತೇನೆ. 1995, ಒಂಬತ್ತನೇ ಕ್ಲಾಸು. ಸೆಪ್ಟೆಂಬರ್ 5, ಶಿಕ್ಷಕರ ದಿನ. ಮೇಷ್ಟ್ರನ್ನು ಒಂದು ಸಲವಾದರೂ ಏಮಾರಿಸಬೇಕೆಂದು ನಾವು ನಾಲ್ಕು ಜನ ತೀರ್ಮಾನಿಸಿದೆವು. ತಲೆ ನನ್ನದು, ಬರವಣಿಗೆ ಪಕ್ಕದ ಬೆಂಚಿನವನದು. ಅವನ ಅಕ್ಷರ ಥೇಟ್ ಮೇಷ್ಟ್ರ ಹಾಗೆ. ಸುಳ್ಳು ಸಂಗತಿ ಹತ್ತಿರದ ಕಾಲದ್ದಾದರೆ ಸಿಕ್ಕಿಬೀಳುತ್ತೇವೆ, ಹಳೆಯದಿರಲಿ ಎಂದೆ. ಆಗ ಪಾಠದಲ್ಲಿ ಕರ್ನಾಟಿಕ್ ಯುದ್ಧ ನಡೆಯುತ್ತಿತ್ತು, 1752 ಅನ್ನುವ ಇಸವಿ ಪುಟದಲ್ಲೇ ಇತ್ತು. ಅದನ್ನೇ ಎತ್ತಿಕೊಂಡೆ. ಊರು ಆದಷ್ಟು ದೂರದ್ದಿರಲಿ ಅಂತ ಲಂಡನ್. ಬೆಳಗ್ಗೆ ಬೇಗ ಬಂದು ಅವರ ಸಾಲು ಅಳಿಸಿ ನಮ್ಮದು ಬರೆದೆವು: ‘5 ಸೆಪ್ಟೆಂಬರ್ 1752. ಲಂಡನ್ನಿನಲ್ಲಿ ಮೂರು ತಲೆಯ ಕರು ಹುಟ್ಟಿತು.’

ಮೇಷ್ಟ್ರು ಬಂದರು. ನಾವು ಕೊಟ್ಟ ಗುಲಾಬಿ ಹೂವನ್ನು ಮೇಜಿನ ಮೇಲಿಟ್ಟರು. ಹಲಗೆ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ನಕ್ಕರು ನೋಡಿ, ಹೊಟ್ಟೆ ಹಿಡಿದುಕೊಂಡು, ಕುರ್ಚಿಯಲ್ಲಿ ಕುಸಿದು ಕೂತು.

“ಯಾರೋ ಇದು? ಪ್ಯಾರಿಸ್ ಅಂತ ಬರೆದಿದ್ರೆ ಬಚಾವಾಗ್ತಿದ್ದೆ ಕಣೋ.”

ಯಾರೂ ಉಸಿರೆತ್ತಲಿಲ್ಲ. ನಾನೇ ಎದ್ದು ನಿಂತೆ. ಧೈರ್ಯ ಅಂತ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ನಿಜ ಏನೆಂದರೆ ಮೂರು ಜನವೂ ನನ್ನ ಕಡೆಗೇ ನೋಡುತ್ತಿದ್ದರು.

ಲಂಡನ್ನಿನಲ್ಲಿ 1752ರ ಸೆಪ್ಟೆಂಬರ್ 5 ಅನ್ನುವ ದಿನವೇ ಬರಲಿಲ್ಲವಂತೆ! ಹಳೆಯ ಕ್ಯಾಲೆಂಡರು ಸೂರ್ಯನಿಗಿಂತ ಹಿಂದೆ ಬಿದ್ದಿತ್ತು. 1582ರಲ್ಲೇ ಪೋಪ್ ಗ್ರೆಗೊರಿ ಅದನ್ನು ಸರಿಮಾಡಿದ್ದ. ಫ್ರಾನ್ಸಿನವರು ಆ ವರ್ಷವೇ ಒಪ್ಪಿಕೊಂಡರು. ಪೋಪ್ ಹೇಳಿದ್ದನ್ನು ನಾವು ಕೇಳುವುದೇ ಅಂತ ಇಂಗ್ಲೆಂಡಿನವರು 170 ವರ್ಷ ಹಟ ಹಿಡಿದರು. ಕೊನೆಗೆ 1752ರಲ್ಲಿ ದಾರಿಗೆ ಬಂದರು. ಸೆಪ್ಟೆಂಬರ್ 2, ಬುಧವಾರ ರಾತ್ರಿ ಮಲಗಿದವರು ಗುರುವಾರ ಬೆಳಗ್ಗೆ ಎದ್ದಾಗ ಸೆಪ್ಟೆಂಬರ್ 14. ನಡುವಿನ 11 ತಾರೀಖು ಮಾಯ. ನಮ್ಮ 11 ದಿನ ವಾಪಸ್ ಕೊಡಿ ಅಂತ ಜನ ದಂಗೆ ಎದ್ದರು ಅನ್ನುವ ಕತೆಯೂ ಇದೆ. “ಅದು ಕತೆ, ಪುರಾವೆ ಇಲ್ಲ, ಬರ್ಕೋಬೇಡಿ” ಎಂದರು. 365 ದಿನದಲ್ಲಿ ನಾನು ಆರಿಸಿದ್ದು ಆ ಊರಿಗೆ ಆ ವರ್ಷ ಬಾರದೇ ಇದ್ದ ದಿನವನ್ನು.

ಬೆತ್ತ ಮುಟ್ಟಲಿಲ್ಲ. ಶಿಕ್ಷೆ ಏನು ಗೊತ್ತಾ? ಆ 11 ದಿನಕ್ಕೆ ಬದಲಾಗಿ 11 ದಿನ ಹಲಗೆಯ ಮೂಲೆ ನಾನು ತುಂಬಬೇಕು. ಸುಳ್ಳಿರಬಾರದು. ಎಲ್ಲಿ ಸಿಕ್ಕಿತು ಅಂತ ಹೇಳಬೇಕು.

ಸಂಜೆ ಲೈಬ್ರರಿ, ಸಾಲದ್ದಕ್ಕೆ ಮೇಷ್ಟ್ರ ಮನೆಯ ಪುಸ್ತಕದ ಬೀರು. ಮೊದಲ ದಿನವೇ ಒಳ್ಳೆಯ ಬೇಟೆ ಸಿಕ್ಕಿತು. 6 ಸೆಪ್ಟೆಂಬರ್ 1522. ಮೆಗಲನ್ ಜೊತೆ ಐದು ಹಡಗಿನಲ್ಲಿ ಹೊರಟ ಇನ್ನೂರಕ್ಕೂ ಹೆಚ್ಚು ಜನರಲ್ಲಿ 18 ಜನ ಒಂದೇ ಹಡಗಿನಲ್ಲಿ ಭೂಮಿ ಸುತ್ತಿ ಸ್ಪೇನ್‌ಗೆ ವಾಪಸ್ ಬಂದರು. ದಿನಾ ತಪ್ಪದೆ ದಿನಚರಿ ಬರೆದಿದ್ದರೂ ಅವರ ಲೆಕ್ಕದಲ್ಲಿ ಒಂದು ದಿನ ಕಡಿಮೆ ಬಂತು. ಪಡುವಣಕ್ಕೆ ಹೋಗುತ್ತಾ ಒಂದು ಸೂರ್ಯೋದಯವನ್ನೇ ಕಳೆದುಕೊಂಡಿದ್ದರು. ಆಮೇಲೆ 9 ಸೆಪ್ಟೆಂಬರ್ 1947, ಹಾರ್ವರ್ಡ್‌ನ ಕಂಪ್ಯೂಟರಿನೊಳಗೆ ಪತಂಗ ಸಿಕ್ಕಿಕೊಂಡು ಕೆಲಸ ನಿಂತಿದ್ದು, ಅದನ್ನು ಹಿಡಿದು ದಾಖಲೆ ಪುಸ್ತಕಕ್ಕೆ ಅಂಟಿಸಿದ್ದು. ಇವತ್ತು ನನ್ನ ಅನ್ನ ಬರುವುದು ಕಂಪ್ಯೂಟರಿನ ತಪ್ಪು ಹುಡುಕುವುದರಿಂದಲೇ. 13 ಸೆಪ್ಟೆಂಬರ್ 1848, ಅಮೆರಿಕದ ರೈಲು ದಾರಿಯಲ್ಲಿ ಬಂಡೆಗೆ ಮದ್ದು ತುಂಬುವಾಗ ಸಿಡಿದು ಮೂರೂವರೆ ಅಡಿಯ ಹಾರೆ ಫಿನಿಯಸ್ ಗೇಜ್ ಎಂಬ ಮೇಸ್ತ್ರಿಯ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿದ್ದಿತು. ಆತ ಆಮೇಲೂ 11 ವರ್ಷ ಬದುಕಿದ. ಈ ಗೇಜ್‌ನಿಂದಾಗಿ ನಾನು ಮುಂದೆ ಎರಡು ಕ್ವಿಜ್ ಗೆದ್ದಿದ್ದೇನೆ, ಒಂದು ಜಿಲ್ಲಾ ಮಟ್ಟದ್ದು, ಒಂದು ನಮ್ಮ ಕಂಪನಿಯದು. ಹೇಳಿಕೊಳ್ಳಬಾರದು, ಆದರೂ ಹೇಳಿದೆ.

ಮಧ್ಯೆ ರಜೆ ಬಿತ್ತು, ನನಗೆ ಜ್ವರ ಬಂತು. ಹೀಗಾಗಿ ನನ್ನ ಹನ್ನೊಂದನೇ ದಿನ ಬಂದದ್ದು ಸೆಪ್ಟೆಂಬರ್ 21, ಗುರುವಾರ. ಅಷ್ಟು ಹೊತ್ತಿಗೆ ಉತ್ಸಾಹ ಇಳಿದಿತ್ತು. ಏನೂ ಹುಡುಕಲಿಲ್ಲ. ‘ಈ ದಿನ ವಿಶೇಷವೇನೂ ಇಲ್ಲ’ ಎಂದು ಬರೆದು ಕೂತೆ.

ನನ್ನ ವಯಸ್ಸಿನವರಿಗೆ ಆ ತಾರೀಖು ಹೇಳಿದರೇ ಗೊತ್ತಾಗಿರುತ್ತದೆ. ಹನ್ನೊಂದೂವರೆ ಹೊತ್ತಿಗೆ ಜವಾನ ಓಡಿಬಂದ. ಗಣೇಶ ಹಾಲು ಕುಡಿಯುತ್ತಿದ್ದಾನೆ! ದಿಲ್ಲಿಯಲ್ಲಿ ಬೆಳಗಿನ ಜಾವ ಶುರುವಾದದ್ದು ಟೆಲಿಫೋನ್ ಮೇಲೆ ಟೆಲಿಫೋನ್ ಹಾರಿ ನಮ್ಮೂರಿನ ಗುಡಿಯವರೆಗೂ ಬಂದಿತ್ತು. ಬೀದಿ ತುಂಬ ಚೊಂಬು, ಚಮಚ. ಲಂಡನ್ನಿನ ದೇವಸ್ಥಾನಗಳಲ್ಲೂ ಅವತ್ತೇ ಸಾಲು ನಿಂತಿದ್ದರಂತೆ. ಕ್ಲಾಸಿನಲ್ಲಿ ಎಲ್ಲರೂ ಹಲಗೆಯ ಮೂಲೆ ನೋಡುತ್ತಾರೆ, ನನ್ನ ಮುಖ ನೋಡುತ್ತಾರೆ.

ಮೇಷ್ಟ್ರು ಸ್ಟಾಫ್ ರೂಮಿನಿಂದ ಟೀ ಕಲಕುವ ಚಮಚ ಹಿಡಿದುಕೊಂಡು ಹೊರಟರು. “ನೀವೂ ನಂಬ್ತೀರಾ ಸಾರ್?” ಎಂದೆ. “ನಂಬೋಕಲ್ಲ ಕಣೋ, ಸಾಕ್ಷಿಗೆ. ನಾಳೆ ಯಾರಾದ್ರೂ ಕೇಳಿದ್ರೆ ನಾನು ನೋಡಿದ್ದು ಹೇಳಬೇಕಲ್ಲ.” ಒಂದು ಗಂಟೆಗೂ ಜಾಸ್ತಿ ಸಾಲಿನಲ್ಲಿ ನಿಂತರು. ನಾನೂ ಹಿಂದೆ ನಿಂತಿದ್ದೆ. ಚಮಚ ಸೊಂಡಿಲಿಗೆ ತಾಗಿಸಿದಾಗ ಹಾಲು ಕಡಿಮೆಯಾದದ್ದು ನಿಜ. ಗಣೇಶನ ಪಾದದ ಬಳಿ ನೆಲ ಒದ್ದೆಯಾಗಿದ್ದೂ ನಿಜ. ಎರಡನ್ನೂ ಬರೆದುಕೊಂಡರು.

ಮಾರನೆಯ ದಿನ ವಿಜ್ಞಾನದ ಮೇಡಂ ಹಾಲಿಗೆ ಕುಂಕುಮ ಕಲಸಿ, ಮಣ್ಣಿನ ಗಣೇಶನಿಗೆ ಚಮಚ ಹಿಡಿದು ತೋರಿಸಿದರು. ಸೊಂಡಿಲಿಗೆ ತಾಗಿದ ಹಾಲು ಮೈಮೇಲೆ ಸಣ್ಣ ಕೆಂಪು ಗೆರೆಯಾಗಿ ಇಳಿದು ಹೋಯಿತು. ದಿಲ್ಲಿಯ ವಿಜ್ಞಾನಿಗಳೂ ಬಣ್ಣದ ಹಾಲಿನಲ್ಲಿ ಹೀಗೇ ಮಾಡಿ ನೋಡಿ, ಮೇಲ್ಮೈ ಸೆಳೆತ ಎಂದು ಹೇಳಿದ್ದು ಪೇಪರಿನಲ್ಲಿ ಬಂತು.

ಚರಿತ್ರೆ ಪೀರಿಯಡ್‌ನಲ್ಲಿ ಮೇಷ್ಟ್ರು ನನ್ನ ಸಾಲನ್ನು ಅಳಿಸದೆ ಹಾಗೇ ಬಿಟ್ಟಿದ್ದರು. ಬೈಯುತ್ತಾರೆ ಅಂದುಕೊಂಡೆ. ಅವರು ಬೇರೆಯೇ ತಾರೀಖು ತೆಗೆದರು. 18 ಏಪ್ರಿಲ್ 1930, ಗುಡ್ ಫ್ರೈಡೆ. ರಾತ್ರಿ 8.45ರ ವಾರ್ತೆಗೆ ಲಂಡನ್ನಿನ ಬಿಬಿಸಿ ರೇಡಿಯೊದಲ್ಲಿ ಓದುವವನು ಬಂದು ಒಂದೇ ಮಾತು ಹೇಳಿದ: ಸುದ್ದಿಯಿಲ್ಲ. ಉಳಿದ ಹೊತ್ತು ಪಿಯಾನೊ ನುಡಿಸಿದರು. ನಾವು ನಕ್ಕೆವು. ಮೇಷ್ಟ್ರು ನಗಲಿಲ್ಲ. ಆ ಹೊತ್ತಿಗೆ ಬಂಗಾಳದಲ್ಲಿ ನಡುರಾತ್ರಿ ದಾಟಿತ್ತು. ಅದೇ 18ರ ರಾತ್ರಿ 10ರ ಸುಮಾರಿಗೆ ಚಿತ್ತಗಾಂಗ್‌ನಲ್ಲಿ ಸೂರ್ಯ ಸೇನ್ ಮತ್ತು ಅವನ ಹುಡುಗರು ಬ್ರಿಟಿಷರ ಶಸ್ತ್ರಾಗಾರಕ್ಕೆ ನುಗ್ಗಿದ್ದರು. ಬಂದೂಕು ಸಿಕ್ಕಿತು, ಅದರ ಗುಂಡು ಸಿಗಲಿಲ್ಲ. ಆದರೆ ಟೆಲಿಫೋನು, ಟೆಲಿಗ್ರಾಫು ಎರಡನ್ನೂ ಹಾಳುಮಾಡಿದ್ದರು. ಅದಕ್ಕೂ ಐದು ದಿನ ಮುಂಚೆ, ಏಪ್ರಿಲ್ 13ಕ್ಕೆ, ನಮ್ಮ ಅಂಕೋಲದಲ್ಲಿ ಜನ ಕಾನೂನು ಮುರಿದು ಉಪ್ಪು ಮಾಡಿದ್ದರು.

“ತಂತಿ ಕತ್ತರಿಸಿದ ಮೇಲೆ ಸುದ್ದಿ ಹೋಗೋದಾದ್ರೂ ಹೇಗೋ?” ಎಂದು ನನ್ನ ಸಾಲಿನ ಕಡೆ ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸೂರ್ಯ ಸೇನನೂ ಮೇಷ್ಟ್ರೇ. ಮಾಸ್ಟರ್‌ದಾ ಅಂತಿದ್ರು ಅವನನ್ನ. 1934ರಲ್ಲಿ ಗಲ್ಲಿಗೆ ಹಾಕಿದ್ರು” ಎಂದರು. ಬೆಲ್ ಹೊಡೆದರೂ ಯಾರೂ ಏಳಲಿಲ್ಲ.

ಈಗ ನನ್ನ ಮಗ ಒಂಬತ್ತನೇ ಕ್ಲಾಸು, ಬೆಂಗಳೂರಿನಲ್ಲಿ. ಅವನ ಶಾಲೆಯಲ್ಲಿ ಹಲಗೆಯೇ ಟಿವಿ. ಯಾವ ತಾರೀಖು ಕೇಳಿದರೂ ಫೋನ್ ಒತ್ತಿ ಎರಡು ಸೆಕೆಂಡಿನಲ್ಲಿ ಇಪ್ಪತ್ತು ಸಂಗತಿ ಓದುತ್ತಾನೆ. ಪಾಪ, ಸುಳ್ಳು ಬರೆದು ಸಿಕ್ಕಿಬೀಳುವ ಅವಕಾಶವೇ ಅವನಿಗಿಲ್ಲ. ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲೂ ದಿನಾ ಬೆಳಗ್ಗೆ ‘ಇಂದಿನ ದಿನದ ವಿಶೇಷ’ ಬಂದು ಬೀಳುತ್ತದೆ. ಅದರಲ್ಲಿ ಮೂರು ತಲೆಯ ಕರುಗಳೇ ಜಾಸ್ತಿ. ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಸಿಟ್ಟಾಗುತ್ತಾರೆ.

ಹನ್ನೊಂದನೇ ದಿನದ ಕಾರ್ಯಕ್ಕೆ ಊರಿಗೆ ಹೋಗಿದ್ದೆ. ಮೇಷ್ಟ್ರ ಮನೆಯಾಕೆ, ನಾವು ಅಮ್ಮ ಅಂತಲೇ ಕರೆಯುವುದು, ಬೀರುವಿನಿಂದ ದಪ್ಪ ಲೆಡ್ಜರ್ ತೆಗೆದು ಕೈಗಿಟ್ಟರು. ತಾರೀಖಿಗೆ ಒಂದು ಪುಟ. ನಾನು ತೆಗೆದದ್ದು ಸೆಪ್ಟೆಂಬರ್ 21. ನನ್ನ ಹೆಸರು ಇರುತ್ತದೆ ಎಂದು ಗ್ಯಾರಂಟಿ ಇತ್ತು. ಇರಲಿಲ್ಲ. ಹಾಲು, ಒದ್ದೆ ನೆಲ, ಮೇಡಂ ಕಲಸಿದ ಕುಂಕುಮ, ಅಷ್ಟೇ. ಸೆಪ್ಟೆಂಬರ್ 5ರ ಪುಟದಲ್ಲಿ ಕರುವೂ ಇರಲಿಲ್ಲ. ಸುಳ್ಳಿಗೆ ಅಲ್ಲಿ ಜಾಗವಿಲ್ಲ, ಸರಿಯೇ. ಆದರೂ ಸ್ವಲ್ಪ ಬೇಜಾರಾಯಿತು.

ಪುಟ ತಿರುಗಿಸುತ್ತಾ ಫೆಬ್ರವರಿ 29 ದಾಟಿದರೆ ಇನ್ನೊಂದು ಪುಟ: ‘ಫೆಬ್ರವರಿ 30’. ಒಂದೇ ಸಂಗತಿ. 1712, ಸ್ವೀಡನ್. ಅಮ್ಮ ಕನ್ನಡಕ ಹುಡುಕುತ್ತಾ, ಅದೇನಪ್ಪ ಅದು ಎಂದರು. ನಾನು ಓದಿ ಹೇಳಿದೆ. ಹೊಸ ಕ್ಯಾಲೆಂಡರಿಗೆ ನಿಧಾನಕ್ಕೆ ಹೋಗೋಣ ಅಂತ ಸ್ವೀಡನ್ನಿನವರು 1700ರಲ್ಲಿ ಒಂದು ದಿನ ಬಿಟ್ಟರು. ಆಮೇಲೆ ಯುದ್ಧದ ಗಲಾಟೆಯಲ್ಲಿ ಬಿಡಬೇಕಾದ ದಿನಗಳನ್ನೇ ಬಿಡಲಿಲ್ಲ. ಅತ್ತ ಹಳೆಯದೂ ಅಲ್ಲ, ಇತ್ತ ಹೊಸದೂ ಅಲ್ಲ. ಕೊನೆಗೆ ಹಳೆಯದಕ್ಕೇ ವಾಪಸ್ ಹೋಗೋಣ ಅಂತ ಆ ವರ್ಷ ಫೆಬ್ರವರಿಗೆ ಒಂದು ದಿನ ಜಾಸ್ತಿ ಸೇರಿಸಿದರು.

“ಅಂದ್ರೆ ಫೆಬ್ರವರಿ ಮೂವತ್ತು ನಿಜವಾಗ್ಲೂ ಬಂದಿತ್ತಾ?”

“ಬಂದಿತ್ತಮ್ಮ. ಒಂದ್ಸಲ.”

ಅಮ್ಮ ಗೋಡೆಯ ಮೇಲಿನ ಫೋಟೋ ಕಡೆ ತಿರುಗಿದರು. “ನೋಡಿದ್ಯಾ ಇವರ ಕೆಲಸ! ಮೈಸೂರು ಸಿಲ್ಕ್ ಸೀರೆ ಯಾವಾಗ ಕೊಡಿಸ್ತೀರಿ ಅಂದಾಗೆಲ್ಲ, ಫೆಬ್ರವರಿ ಮೂವತ್ತಕ್ಕೆ ಕಣೇ ಅಂತಿದ್ರು.”