ಮೊದಲ ಪ್ಯಾರಾದಲ್ಲೇ ನಿಂತುಹೋಗುವ ವರದಿಗಳು

ಸಹೋದ್ಯೋಗಿಗಳು ಬರೆದ ವರದಿಗಳನ್ನು ಪರಿಷ್ಕರಿಸಿ ಅಂತಿಮಗೊಳಿಸುವುದು ನನ್ನ ಕೆಲಸ. ಕರಡು ತಡವಾದರೆ ಅದಕ್ಕೆ ಸೋಮಾರಿತನವೇ ಕಾರಣವೆಂದು ತೀರ್ಮಾನಿಸುವುದು ಕಚೇರಿಗಳಲ್ಲಿ ರೂಢಿ; ಆದರೆ ಆ ಕಡತದ ಹಿಂದಿನ ಆವೃತ್ತಿಗಳನ್ನು ತೆರೆದು ನೋಡಿದರೆ ಬೇರೆಯದೇ ಸಂಗತಿ ತಿಳಿಯುತ್ತದೆ. ಮೊದಲ ಪ್ಯಾರಾದಲ್ಲಿ ‘ಮಹತ್ವದ’ ಎಂದಿದ್ದದ್ದು ‘ಗಮನಾರ್ಹ’ವಾಗಿ, ಮರುದಿನ ಪುನಃ ‘ಮಹತ್ವದ’ ಎಂದೇ ಆಗಿರುತ್ತದೆ. ಅದರ ಕೆಳಗೆ ಉಪಶೀರ್ಷಿಕೆಗಳನ್ನು ಬಿಟ್ಟರೆ ಏನೂ ಇರುವುದಿಲ್ಲ. ಇಷ್ಟು ಹೆಣಗಾಡಿದವರನ್ನು ಸೋಮಾರಿಗಳೆನ್ನುವುದು ಅನ್ಯಾಯ.

ಬರವಣಿಗೆಯ ಅಂಜಿಕೆಯನ್ನು ಅಳೆಯಲು ಅಮೆರಿಕದ ಸಂಶೋಧಕರಾದ ಜಾನ್ ಡೇಲಿ ಮತ್ತು ಮೈಕೆಲ್ ಮಿಲ್ಲರ್ 1975ರಲ್ಲಿ 26 ಹೇಳಿಕೆಗಳ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಬರೆದದ್ದನ್ನು ಇನ್ನೊಬ್ಬರು ತೂಗಿ ನೋಡುತ್ತಾರೆಂಬ ಭಯವೇ ಅದರ ಹಲವು ಹೇಳಿಕೆಗಳ ವಿಷಯ. 1980ರಲ್ಲಿ ಅಲ್ಲಿನ ಇನ್ನೊಬ್ಬ ಸಂಶೋಧಕ ಮೈಕ್ ರೋಸ್ ಹತ್ತು ಮಂದಿ ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿದಾಗ, ಬರೆಯಲಾಗದೆ ಸಿಕ್ಕಿಕೊಳ್ಳುತ್ತಿದ್ದ ಐವರು ಬರವಣಿಗೆಯ ನಿಯಮಗಳನ್ನು ಅತಿ ಬಿಗಿಯಾಗಿ ಹಿಡಿದುಕೊಂಡಿದ್ದರೆಂಬುದು ಕಂಡುಬಂತು. ಸರಾಗವಾಗಿ ಬರೆಯುತ್ತಿದ್ದವರಿಗೂ ನಿಯಮಗಳಿದ್ದವು, ಆದರೆ ಅಗತ್ಯ ಬಿದ್ದಾಗ ಅವರು ಅವನ್ನು ಸಡಿಲಿಸುತ್ತಿದ್ದರು. ನನ್ನ ಮೇಜಿಗೆ ಬರುವ ಕರಡುಗಳಲ್ಲಿ ಕಾಣುವುದೂ ಇದೇ. ಮನಸ್ಸು ಏಕಕಾಲಕ್ಕೆ ಹಿಡಿದಿಟ್ಟುಕೊಳ್ಳಬಲ್ಲದ್ದು ಬಹಳ ಕಡಿಮೆ. ‘ಮೇಲಧಿಕಾರಿ ಇದಕ್ಕೇನನ್ನಬಹುದು’ ಎಂಬ ಚಿಂತೆ ಅದರಲ್ಲಿ ಅರ್ಧ ಜಾಗ ಆಕ್ರಮಿಸಿದರೆ, ವಿಷಯವನ್ನು ಜೋಡಿಸಲು ಉಳಿಯುವುದೆಷ್ಟು?

ಆದ್ದರಿಂದ ಕರಡನ್ನು ಪೀಠಿಕೆಯಿಲ್ಲದೆ, ನಡುವಿನ ಯಾವ ಭಾಗ ಸುಲಭವೋ ಅಲ್ಲಿಂದಲೇ ಆರಂಭಿಸಿ ಕಳುಹಿಸುವಂತೆ ಕೇಳುತ್ತೇನೆ. ಮೊದಲ ಸುತ್ತಿನಲ್ಲಿ ನನ್ನ ಟಿಪ್ಪಣಿಗಳು ವಿಷಯಕ್ಕೆ ಮಾತ್ರ ಸೀಮಿತ: ಈ ತೀರ್ಮಾನಕ್ಕೆ ಆಧಾರವೇನು, ಈ ಕೋಷ್ಟಕ ಇಲ್ಲಿಗೇಕೆ ಬಂತು, ಇತ್ಯಾದಿ. ಕಾಗುಣಿತದ ತಪ್ಪುಗಳು ಕಣ್ಣಿಗೆ ಚುಚ್ಚುತ್ತಿದ್ದರೂ ಮುಟ್ಟುವುದಿಲ್ಲ (ಪರಿಷ್ಕರಣೆಯೇ ವೃತ್ತಿಯಾದವರಿಗೆ ಇದು ಸಣ್ಣ ಸಂಯಮವಲ್ಲ). ಭಾಷೆಯ ತಿದ್ದುಪಡಿ ಎರಡನೆಯ ಸುತ್ತಿಗೆ. ಮೊದಲ ಬಾರಿಗೇ ಪುಟದ ತುಂಬ ಕೆಂಪು ಗುರುತು ಕಂಡ ಬರಹಗಾರ ಮುಂದಿನ ಸಲ ಇನ್ನಷ್ಟು ತಡಮಾಡುತ್ತಾನೆ ಎಂಬುದನ್ನು ಗಮನಿಸಿದ ಮೇಲೆ ಈ ಕ್ರಮ ರೂಢಿಗೆ ಬಂತು.

ಆದರೆ ಎಲ್ಲ ಅಂಜಿಕೆಯನ್ನೂ ಹೀಗೆ ಸಮಾಧಾನಪಡಿಸಿ ಕಳುಹಿಸುವುದು ಸರಿಯಲ್ಲ. ಒಮ್ಮೆ ಕಿರಿಯ ಸಹೋದ್ಯೋಗಿಯೊಬ್ಬರು ವೆಚ್ಚದ ಅಧ್ಯಾಯದಲ್ಲಿ ಮುಂದೆ ಸಾಗಲಾರದೆ ನಿಂತಿದ್ದರು. ಕೂತು ಮಾತನಾಡಿಸಿದಾಗ, ಎರಡು ವಿಭಾಗಗಳು ಕೊಟ್ಟ ಅಂಕಿಗಳು ಪರಸ್ಪರ ತಾಳೆಯಾಗುತ್ತಿಲ್ಲವೆಂಬುದನ್ನು ಅವರು ಗಮನಿಸಿದ್ದು, ಹೇಳಲು ಹಿಂಜರಿದಿದ್ದು ಹೊರಬಂತು. ‘ಧೈರ್ಯವಾಗಿ ಬರೆಯಿರಿ’ ಎಂಬ ಪ್ರೋತ್ಸಾಹದಿಂದ ಅಲ್ಲಿ ಹಾನಿಯೇ ಆಗುತ್ತಿತ್ತು. ಹೀಗಾಗಿ ಯಾರಾದರೂ ಸಿಕ್ಕಿಕೊಂಡಿದ್ದೇನೆ ಎಂದಾಗ, ಯಾವ ವಾಕ್ಯದ ಬಳಿ ನಿಂತಿದ್ದೀರಿ ಎಂದು ಮೊದಲು ಕೇಳುತ್ತೇನೆ. ಆರಂಭದ ವಾಕ್ಯವಾದರೆ ಅದನ್ನು ಬಿಟ್ಟು ಮುಂದೆ ಹೋಗಲು ಹೇಳುತ್ತೇನೆ. ಅಂಕಿಯೋ ಆರೋಪವೋ ಇರುವ ವಾಕ್ಯವಾದರೆ ಮೂಲ ದಾಖಲೆಯನ್ನು ತರಿಸಿ, ಇಬ್ಬರೂ ಕೂತು ಪರಿಶೀಲಿಸುತ್ತೇವೆ.