ಮೂರನೇ ಮಗಳು ಲವ್ಲೀನಾ

ಟೋಕಿಯೊ ಒಲಿಂಪಿಕ್ಸ್ ಮುಗಿದು ಇಷ್ಟು ವರ್ಷವಾದರೂ ಅಲ್ಲಿ ಕಂಚು ಗೆದ್ದ ಬಾಕ್ಸರ್ ಲವ್ಲೀನಾ ಬೊರ್ಗೊಹೈನ್ ನನ್ನ ತಲೆಯಿಂದ ಹೋಗಿಲ್ಲ. ಬಾಕ್ಸಿಂಗ್ ಅಂದರೆ ಎಲ್ಲರಿಗೂ ಮೇರಿ ಕೋಮ್ ಗೊತ್ತು, ಗೊತ್ತಿರಲೇಬೇಕು ಕೂಡ. ಆದರೆ ನಮ್ಮ ಸಕಲೇಶಪುರದ ಕಡೆ ಲವ್ಲೀನಾ ಹೆಸರು ಹೇಳಿದರೆ ಜಾಸ್ತಿ ಜನ "ಯಾರಮ್ಮ ಅದು?" ಅಂತಾರೆ. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ.

ಅಸ್ಸಾಮಿನ ಗೋಲಾಘಾಟ್ ಜಿಲ್ಲೆಯ ಬರೋಮುಖಿಯಾ ಅವಳ ಊರು. ನಮಗೆ ಕಾಫಿ ಹೇಗೋ ಆ ಸೀಮೆಗೆ ಚಹಾ. 1997ರ ಅಕ್ಟೋಬರ್ 2ರಂದು ಹುಟ್ಟಿದಳು. ಅಪ್ಪ ಟಿಕೆನ್ ಸಣ್ಣ ವ್ಯಾಪಾರ ಮಾಡಿಕೊಂಡಿದ್ದವರು, ಅಮ್ಮ ಮಾಮೋನಿ. ಮನೆಯಲ್ಲಿ ಆಗಲೇ ಲಿಚಾ, ಲಿಮಾ ಅಂತ ಅವಳಿ ಹೆಣ್ಣುಮಕ್ಕಳಿದ್ದರು. ಮೂರನೆಯವಳು ಇವಳು. ಮೂರೂ ಹೆಣ್ಣಾದರೆ ಸುತ್ತಮುತ್ತಲಿನವರು ಏನು ಮಾತಾಡುತ್ತಾರೆ ಅಂತ ನಾನು ಹೇಳಬೇಕಾ? ನಮ್ಮ ಬೀದಿಯಲ್ಲೇ ಬಾಣಂತಿ ನೋಡೋಕೆ ಬಂದವರು ಮಗು ಕೈಗೆ ಬಂದ ಕೂಡಲೇ "ಅಯ್ಯೋ, ಇದೂ ಹೆಣ್ಣೇನಾ" ಅಂದಿದ್ದನ್ನು ನಾನೇ ಪಕ್ಕದಲ್ಲಿ ನಿಂತು ಕೇಳಿದ್ದೇನೆ, ಆ ತಾಯಿ ಮುಖ ಆ ಕಡೆ ತಿರುಗಿಸಿಕೊಂಡಿದ್ದನ್ನೂ ನೋಡಿದ್ದೇನೆ.

ಮಾಮೋನಿ ಮತ್ತು ಟಿಕೆನ್ ಮಾಡಿದ್ದು ಏನು ಗೊತ್ತಾ? ಮೂವರನ್ನೂ ಒದೆಯೋದು, ಗುದ್ದೋದು ಕಲಿಯೋಕೆ ಕಳಿಸಿದರು. ಮೊದಲು ಮುವಾಯ್ ಥಾಯ್ ಅನ್ನೋ ಥಾಯ್ಲೆಂಡಿನ ಕಾಳಗ. ಅಕ್ಕಂದಿರಿಬ್ಬರೂ ಕಿಕ್ ಬಾಕ್ಸಿಂಗ್‌ನಲ್ಲಿ ರಾಷ್ಟ್ರಮಟ್ಟದವರೆಗೂ ಹೋದರು. ತಂಗಿ ಅವರ ಹಿಂದೆ ಹಿಂದೆ. ದುಡ್ಡಿಲ್ಲದ ಮನೆಯಲ್ಲಿ ಮೂರು ಹೆಣ್ಣುಮಕ್ಕಳನ್ನು ಆಟಕ್ಕೆ ಬಿಡೋದು, ಅದೂ ಹೊಡೆದಾಡೋ ಆಟಕ್ಕೆ, ಸುಮ್ನೆ ಆಗೋ ಮಾತಲ್ಲ. ಪದಕಕ್ಕಿಂತ ಜಾಸ್ತಿ ನನಗೆ ಹಿಡಿಸಿದ್ದು ಇದೇ. ಅವಳು ಗೆದ್ದ ಮೇಲೆ ಬೆನ್ನು ತಟ್ಟಿದವರು ಲಕ್ಷ ಜನ. ಏನೂ ಆಗದೆ ಇದ್ದಾಗಲೇ ಬಾಗಿಲು ತೆಗೆದು ಹೋಗು ಅಂದವರು ಇವರಿಬ್ಬರೇ.

ಅವರ ಮನೆಯ ಒಂದು ಸಂಗತಿ ನನಗೆ ತುಂಬಾ ಇಷ್ಟ. ಒಂದು ಸಲ ಅಪ್ಪ ಮಿಠಾಯಿ ತಂದರು, ಹಳೇ ಪೇಪರಿನಲ್ಲಿ ಕಟ್ಟಿಸಿಕೊಂಡು. ಆ ಪೇಪರಿನ ತುಂಡಿನಲ್ಲಿ ಮುಹಮ್ಮದ್ ಅಲಿ ಬಗ್ಗೆ ಬರೆದಿತ್ತು. ಹುಡುಗಿ ಅದನ್ನು ಓದಿದಳು, ಬಾಕ್ಸಿಂಗ್ ಅಂತ ಒಂದಿದೆ ಅನ್ನೋದು ಮನಸ್ಸಿಗೆ ಬಿದ್ದಿದ್ದು ಹಾಗೆ. ಆಮೇಲೆ 2012ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದವರು ಅವಳ ಶಾಲೆಗೇ ಬಂದು ಮಕ್ಕಳನ್ನು ಆರಿಸಿದರು. ಕೋಚ್ ಪದುಮ್ ಬೋರೊ ಕಣ್ಣಿಗೆ ಈ ಉದ್ದನೆಯ ಹುಡುಗಿ ಬಿದ್ದಳು. ಅಲ್ಲಿಂದ ಗುವಾಹಟಿ. ಅವರು ಆ ಶಾಲೆಗೆ ಬರದೇ ಹೋಗಿದ್ದರೆ?

ನಮ್ಮ ತೋಟಗಳಲ್ಲಿ ಈಗ ಕಾಫಿ ಹಣ್ಣು ಕುಯ್ಯೋಕೆ ಅಸ್ಸಾಮಿನವರು ಎಷ್ಟು ಜನ ಬರುತ್ತಾರೆ ಅಂತ ಇಲ್ಲಿಯವರಿಗೆಲ್ಲ ಗೊತ್ತು. ಪರಿಚಯದವರ ತೋಟದ ಲೈನ್ ಮನೆಯಲ್ಲಿ, ಅಂದರೆ ಕೆಲಸದವರ ಸಾಲು ಮನೆಯಲ್ಲಿ, ಅಸ್ಸಾಮಿನ ಒಬ್ಬ ಹೆಂಗಸು ಇದ್ದಳು. ಅವಳಿಗೆ ಕನ್ನಡ ನಾಲ್ಕು ಮಾತು, ನನಗೆ ಹಿಂದಿ ನಾಲ್ಕು ಮಾತು. ಒಂದು ದಿನ ಕಣದ ಹತ್ತಿರ ಸಿಕ್ಕಾಗ ನಾನು ಲವ್ಲೀನಾ ಹೆಸರು ಎತ್ತಿದೆ. ತಲೆ ಮೇಲಿದ್ದ ಹಣ್ಣಿನ ಮೂಟೆ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು, ಬ್ಲೌಸಿನೊಳಗಿಂದ ಫೋನ್ ತೆಗೆದು ಫೋಟೊ ತೋರಿಸಿದಳು. ಪದಕ ಹಾಕಿಕೊಂಡ ಲವ್ಲೀನಾ. ಪಕ್ಕದಲ್ಲೇ ಈ ಹೆಂಗಸಿನ ಮಗಳ ಫೋಟೊ, ಅದೇ ಥರ ಮುಷ್ಟಿ ಹಿಡಿದು ನಿಂತಿದ್ದು. ಮಗಳು ಊರಲ್ಲಿ ಅಜ್ಜಿ ಹತ್ತಿರ ಇದ್ದಾಳಂತೆ.

ಟೋಕಿಯೊ ಕಥೆಗೆ ಬರುತ್ತೇನೆ. ಅದಕ್ಕೂ ಮುಂಚಿನ ವರ್ಷ ಅವಳಿಗೆ ಕೆಟ್ಟದಾಗಿತ್ತು. ಅಮ್ಮನಿಗೆ ಕಿಡ್ನಿ ಕಸಿ, ಇವಳಿಗೆ ಕೋವಿಡ್, ಯೂರೋಪಿಗೆ ಹೋಗಬೇಕಿದ್ದ ತರಬೇತಿಯೂ ತಪ್ಪಿತು. ಹಾಗಿದ್ದೂ 2021ರ ಜುಲೈ 30ರಂದು 69 ಕೆಜಿ ವಿಭಾಗದ ಕ್ವಾರ್ಟರ್ ಫೈನಲ್‌ನಲ್ಲಿ ತೈವಾನಿನ ಚೆನ್ ನಿಯೆನ್-ಚಿನ್ ಎದುರು ನಿಂತಳು. 2018ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಇವಳನ್ನು ಸೋಲಿಸಿದ್ದವಳು ಅವಳೇ. ಲವ್ಲೀನಾ ಉದ್ದ ಕೈಗಳ ಹುಡುಗಿ, ಅಳತೆ ಬಿಡದೆ ದೂರ ನಿಂತು, ಎದುರಿನವಳು ನುಗ್ಗಿದಾಗ ಹೊಡೆದಳು. ಐದು ಜಡ್ಜ್‌ಗಳಲ್ಲಿ ನಾಲ್ವರು ಇವಳ ಕಡೆ. ರೆಫರಿ ಕೈ ಎತ್ತಿದ ಕ್ಷಣ ಅವಳು ಕಿರುಚಿದ ಕಿರುಚು ಇದೆಯಲ್ಲ, ನಾನು ಅದನ್ನು ಎಷ್ಟು ಸಲ ನೋಡಿದರೂ ಮೈ ಜುಮ್ ಅನ್ನುತ್ತದೆ. ಬಾಕ್ಸಿಂಗ್‌ನಲ್ಲಿ ಸೆಮಿಫೈನಲ್ ಸೋತ ಇಬ್ಬರಿಗೂ ಕಂಚು, ಹಾಗಾಗಿ ಅವತ್ತೇ ಪದಕ ಗಟ್ಟಿಯಾಯಿತು. ಆಗಸ್ಟ್ 4ರಂದು ಸೆಮಿಫೈನಲ್ ನೋಡೋಕೆ ಅಸ್ಸಾಂ ವಿಧಾನಸಭೆಯನ್ನೇ ಸ್ವಲ್ಪ ಹೊತ್ತು ನಿಲ್ಲಿಸಿದರು. ಟರ್ಕಿಯ ಬುಸೆನಾಜ್ ಸುರ್ಮೆನೆಲಿ ಎದುರು ಸೋತಳು, ಸುರ್ಮೆನೆಲಿ ಆಗ ವಿಶ್ವ ಚಾಂಪಿಯನ್, ಕೊನೆಗೆ ಚಿನ್ನವೂ ಅವಳಿಗೇ. ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದ ಮೊದಲ ಅಸ್ಸಾಮಿನವಳು ನಮ್ಮ ಲವ್ಲೀನಾ.

ಅವಳ ಮನೆಗೆ ಹೋಗೋ ಮಣ್ಣಿನ ದಾರಿ ಸರಿಮಾಡೋಕೆ ಶುರುಮಾಡಿದ್ದೂ ಆಗಲೇ. ಮಳೆಗಾಲದಲ್ಲಿ ಕೆಸರು ತುಳಿದುಕೊಂಡು ಶಾಲೆಗೆ ಹೋಗೋದು ಏನು ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ರಸ್ತೆ ಬಂದಿದ್ದು ಸಂತೋಷವೇ, ಆದರೆ ರಸ್ತೆಗೋಸ್ಕರ ಒಂದು ಹುಡುಗಿ ಒಲಿಂಪಿಕ್ಸ್ ಪದಕ ತರಬೇಕಾಗಿ ಬಂತು ಅನ್ನೋದು ನನಗೆ ನುಂಗೋಕೆ ಆಗಲ್ಲ.

ಆಮೇಲೆ ಪ್ಯಾರಿಸ್ ಒಲಿಂಪಿಕ್ಸ್‌ಗೆ 69 ಕೆಜಿ ವಿಭಾಗವೇ ಇರಲಿಲ್ಲ. 75ಕ್ಕೆ ಹೋದಳು. ಅಂದರೆ ತನಗಿಂತ ದಪ್ಪ, ಗಟ್ಟಿ ಹುಡುಗಿಯರ ಎದುರು. ಅದೇ ವಿಭಾಗದಲ್ಲಿ 2023ರಲ್ಲಿ ದೆಹಲಿಯಲ್ಲಿ ವಿಶ್ವ ಚಾಂಪಿಯನ್ ಆದಳು. ಪ್ಯಾರಿಸ್‌ನಲ್ಲಿ ಚೀನಾದ ಲಿ ಚಿಯಾನ್ ಎದುರು ಕ್ವಾರ್ಟರ್ ಫೈನಲ್‌ನಲ್ಲಿ ಸೋತಾಗ ನನಗೆ ನಿಜವಾಗಲೂ ಅಳು ಬಂತು.

ಇಷ್ಟೆಲ್ಲ ಬರೆಯೋಕೆ ಇನ್ನೂ ಒಂದು ಕಾರಣ ಇದೆ. ನಮ್ಮ ಬೀದಿಯಲ್ಲಿ ಒಂಬತ್ತನೇ ಕ್ಲಾಸಿನ ಒಬ್ಬಳು ಇದ್ದಾಳೆ. ಎತ್ತರದ ಹುಡುಗಿ, ಥ್ರೋಬಾಲ್‌ನಲ್ಲಿ ತಾಲ್ಲೂಕು ಮಟ್ಟಕ್ಕೆ ಹೋಗಿ ಬಂದವಳು. ನನ್ನ ಫೋನಿನಲ್ಲಿ ಲವ್ಲೀನಾ ಆಟ ನೋಡಿ ನೋಡಿ ಈಗ ಬಾಕ್ಸಿಂಗ್ ಕಲೀಬೇಕು ಅಂತ ಹಟ. "ಮೂತಿಗೆ ಏಟು ಬಿದ್ದರೆ ನಾಳೆ ಗಂಡು ಸಿಗಬೇಕಲ್ಲ" ಅಂದರು ಅವಳ ದೊಡ್ಡಮ್ಮ. ಅವಳ ಅಮ್ಮ ಒಲೆ ಮುಂದೆ ಕೂತವರು ತಿರುಗಿಯೂ ನೋಡದೆ "ಅಕ್ಕಾ, ಅವಳು ಕಲೀಲಿ ಬಿಡಿ" ಅಂದರು. ಅಷ್ಟೇ, ಮಾತು ಮುಗೀತು.

ಹಾಸನದಲ್ಲಿ ಹೆಣ್ಣುಮಕ್ಕಳಿಗೆ ಬಾಕ್ಸಿಂಗ್ ಚೆನ್ನಾಗಿ ಹೇಳಿಕೊಡುವವರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ನನಗೆ ತಿಳಿಸಿ. ಶನಿವಾರ ಮಧ್ಯಾಹ್ನ, ಭಾನುವಾರ ಬರಬಹುದು. ಬಸ್ಸಿಗೆ ಒಂದು ಗಂಟೆ ದಾರಿ, ಕರೆದುಕೊಂಡು ಬರೋದು ನನ್ನ ಜವಾಬ್ದಾರಿ.